ಕ್ಯಾಸೆಟ್ಟುಗಳನ್ನು ಓಡಿಸಿದ ಮಳೆಗಾಲ

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೇಳಿದ ಹೊತ್ತಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಕಳೆದ ತಿಂಗಳೂ ಹಾಗೇ ಆಯಿತು. ಮನ್ನಾಏಖೇಳ್ಳಿಯ ಶಾಲೆ ಬಿಟ್ಟ ಮೇಲೆ ಹುಮನಾಬಾದಿಗೆ ಬಂದು, ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕಾದು ಕಾದು ಬೇಸರ ಬಂದು ಹೆದ್ದಾರಿಯ ಕಡೆ ಹಣ್ಣು ತರಲು ಹೋದರೆ ಮಳೆ ಹೊಡೆಯಿತು. ಕೈಯಲ್ಲಿ ಕೊಡೆ ಇಲ್ಲ. ಸಿಕ್ಕಿದ ಅಂಗಡಿಯ ತಗಡಿನ ಕೆಳಗೆ ಓಡಿ ನಿಂತುಕೊಂಡೆ.

ಅದು ಲಾರಿ ಸಾಮಾನಿನ ಅಂಗಡಿ. ಹೊಸ ರಬ್ಬರು, ಗ್ರೀಸು, ಒದ್ದೆಯಾದ ರಟ್ಟಿನ ಡಬ್ಬಿ, ಈ ಮೂರೂ ಕೂಡಿದ ವಾಸನೆ ಒಳಗಿನಿಂದ ಬಂತು.

“ಏನ್ ಬೇಕಾಗಿತ್ರಿ ಟೀಚರ?” ಅಂಗಡಿಯವನು ಕೇಳಿದ.

“ಏನೂ ಬ್ಯಾಡಪ್ಪಾ. ಮಳಿ ನಿಂತ ಮ್ಯಾಲ ಹೋಗ್ತೀನಿ.”

“ಒಳಗ ಬರ್ರಿ, ಅಲ್ಲಿ ಹನಿ ಸಿಡೀತಾವ.”

ಒಳಗೆ ಹೋಗಲಿಲ್ಲ. ಆ ವಾಸನೆಯನ್ನು ನಾನು ನಾಲ್ಕು ವರ್ಷ ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದೆ. ಎಷ್ಟು ಸಾಬೂನು ಹಚ್ಚಿದರೂ ನಮ್ಮ ಮನೆಯವರ ಅಂಗೈಯಿಂದ ಅದು ಹೋಗುತ್ತಿರಲಿಲ್ಲ. ಮಳೆ ನಿಂತಿತು, ಬಸ್ಸೂ ಬಂತು. ಕಿಟಕಿ ಪಕ್ಕದ ಸೀಟು ಕೂಡ ಸಿಕ್ಕಿತು. ಆದರೆ ಊರು ಮುಟ್ಟುವ ತನಕ ನಾನು ಆ ಒಂದು ಮಳೆಗಾಲದಲ್ಲೇ ಇದ್ದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಬರೆಯಬಾರದು ಅಂತ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತೇನೆ: ಚನ್ನಬಸಪ್ಪ. ಅವರ ತಾಯಿಯ ಬಾಯಲ್ಲಿ ಚನ್ನು. ಮನೆ ಬಸವಕಲ್ಯಾಣದಲ್ಲಿ, ಅಂಗಡಿ ಹುಮನಾಬಾದಿನ ಹೆದ್ದಾರಿಯ ಮೇಲೆ. ಮುಂಜಾನೆ ಮೋಟರ್ ಸೈಕಲ್ ಹತ್ತಿ ಹೋದರೆ ಸಂಜೆಗೆ ವಾಪಸ್. ಕ್ಲಚ್ ಪ್ಲೇಟು, ಬೇರಿಂಗು, ಬ್ರೇಕ್ ಲೈನರು ಮಾರುವುದು ಅವರ ಕೆಲಸ. ಹೈದರಾಬಾದಿನಿಂದ ಮುಂಬೈಗೆ ಹೋಗುವ ಲಾರಿಗಳೆಲ್ಲ ಅಲ್ಲೇ ಹಾಯುತ್ತಿದ್ದವು. ಡ್ರೈವರುಗಳು ಚಹಾ ಕುಡಿಯುತ್ತಾ ಕೂರುತ್ತಿದ್ದರು.

ಒಮ್ಮೆ ಯಾವನೋ ಡ್ರೈವರನ ಟೇಪಿನಲ್ಲಿ ಕ್ಯಾಸೆಟ್ಟೊಂದು ಸಿಕ್ಕಿಹಾಕಿಕೊಂಡಿತಂತೆ. ನಮ್ಮವರು ಸ್ಕ್ರೂ ಬಿಚ್ಚಿ, ರೀಲನ್ನು ಪೆನ್ಸಿಲಿನಿಂದ ಸುತ್ತಿ ಸರಿಮಾಡಿ, ನೋಡೋಣ ಅಂತ ಹಚ್ಚಿದರು. ಇಂಗ್ಲಿಷ್ ಹಾಡು. ಡ್ರಮ್ಮು, ಗಿಟಾರು, ಗಂಟಲು ಹರಿಯುವ ಹಾಗೆ ಕೂಗುವ ಒಬ್ಬ ಮನುಷ್ಯ. ಡ್ರೈವರ್ ಅಂದನಂತೆ, “ನಂದಲ್ಲ ಸೇಠ್, ಯಾರೋ ಫುಟ್‌ಪಾತಿನ್ಯಾಗ ಗಂಟು ಹಾಕ್ಯಾರ, ನೀವೇ ಇಟ್ಕೋರಿ.” ಅಲ್ಲಿಗೆ ಹಿಡಿಯಿತು ಹುಚ್ಚು. ಮುಂಬೈಗೆ ಹೋಗುವ ಡ್ರೈವರಿಗೆಲ್ಲ ಒಂದೇ ಮಾತು: “ಬರುವಾಗ ಗಿಟಾರಿಂದು ಒಂದು ತಾ.” ಅವರು ಏನು ತರುತ್ತಿದ್ದರೋ ಅದೇ. ಆರಿಸುವ ಪ್ರಶ್ನೆಯೇ ಇರಲಿಲ್ಲ.

ಇಂಗ್ಲಿಷು ಅವರಿಗೆ ಲಾರಿಯ ಬಿಡಿಭಾಗಗಳ ಹೆಸರಿನ ಮಟ್ಟಿಗೆ ಮಾತ್ರ ಬರುತ್ತಿತ್ತು. ನಾನು ಟೀಚರ್ ಟ್ರೇನಿಂಗ್ ಮುಗಿಸಿದವಳು, ಆದರೆ ಆ ಹಾಡಿನವರು ಬಾಯಲ್ಲಿ ಬಿಸಿ ಹೋಳಿಗೆ ಇಟ್ಟುಕೊಂಡವರ ಹಾಗೆ ಹಾಡಿದರೆ ನನಗಾದರೂ ಏನು ತಿಳಿಯಬೇಕು? “ಇದರ ಅರ್ಥ ಏನ್ರಿ?” ಅಂತ ಕೇಳಿದರೆ, “ಅರ್ಥ ತಗೊಂಡು ಏನ್ ಮಾಡ್ತಿ ನಂದಾ? ಬೆರಳು ಹ್ಯಾಂಗ ಓಡಾಕತ್ತಾವ ಕೇಳು,” ಅನ್ನುತ್ತಿದ್ದರು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಕನ್ನಡದಲ್ಲಿ ತಮ್ಮದೇ ಹೆಸರು ಬರೆಯುತ್ತಿದ್ದರು. ‘ಗುಡುಗು.’ ‘ಅಳೋ ಮನುಷ್ಯಾ.’ ‘ಬಾಯಿಪೆಟ್ಟಿಗಿ.’ ‘ರೈಲಿನ್ಯಾಗ ಕುಂತಂಗ.’ ಅಸಲು ಹೆಸರು ಏನಿತ್ತೋ, ಹಾಡಿದವರು ಯಾರೋ, ನನಗೆ ಈಗಲೂ ಗೊತ್ತಿಲ್ಲ.

ಬೇರಿಂಗ್ ಬರುತ್ತಿದ್ದ ಕಟ್ಟಿಗೆಯ ಪೆಟ್ಟಿಗೆಗಳೇ ಅವುಗಳ ಮನೆ. ಅದರಲ್ಲೇ ಒಂದು ಸಾಲು ನಮ್ಮ ಕಡೆಯ ಪದಗಳು: ಮೊಹರಮ್ಮಿನ ಅಲಾಯಿ ಹಬ್ಬದ ಪದ, ಹೆಂಗಸರ ಬುಲಾಯಿ ಪದ, ಕುರಿ ಕಾಯುವವರು ಡೊಳ್ಳಿನ ಮೇಲೆ ಹಾಡುವ ಬೀರಪ್ಪನ ಪದ. ಇವನ್ನೂ ಅವನ್ನೂ ಒಂದೇ ಪೆಟ್ಟಿಗೆಯಲ್ಲಿ ಯಾಕೆ ಇಟ್ಟೀರಿ ಅಂದರೆ, “ಡೊಳ್ಳು ಕೇಳು, ಆ ಡ್ರಮ್ಮು ಕೇಳು. ಚರ್ಮ ಒಂದೇ, ದನ ಬ್ಯಾರೆ,” ಅನ್ನುವರು.

ಅವರಿಗೆ ಎರಡು ನೇಮ. ಒಂದು, ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯ ತನಕ ಕೇಳಬೇಕು, ಹಾಡು ಹಾರಿಸಬಾರದು. “ಉಣ್ಣಾಕ ಕುಂತು ನಡುವ ಏಳ್ತಾರೇನು?” ಅನ್ನುವರು. ಇನ್ನೊಂದು, ಮಳೆಗಾಲದಲ್ಲಿ ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆಯಾದರೂ ಓಡಿಸಲೇಬೇಕು. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಮೃಗಶಿರೆಯ ಮಳೆ, ನಮ್ಮ ಬಾಯಲ್ಲಿ ಮಿರಗ, ಕೂಡಿತೆಂದರೆ ಗೋಡೆ ಬೆವರುತ್ತದೆ. ಓಡಿಸದೆ ಬಿಟ್ಟ ರೀಲಿನ ಅಂಚಿಗೆ ಬಿಳಿ ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ ಹರಿದುಹೋಗುತ್ತದೆ. “ದನ ಕಟ್ಟಿದಲ್ಲೇ ನಿಂತ್ರ ಕಾಲು ಹಿಡೀತಾವ. ಇವೂ ಹಂಗೇ.” ಹಾಗಾಗಿ ನಮ್ಮ ಮದುವೆಯ ನಾಲ್ಕೂ ಮಳೆಗಾಲ ಸಂಜೆ ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ, ಒಂದೊಂದಾಗಿ ಎಲ್ಲವನ್ನೂ ಕೇಳಿ ಮುಗಿಸುತ್ತಿದ್ದೆವು. ಮಕ್ಕಳಿರಲಿಲ್ಲ. ಮನೆಯಲ್ಲಿ ಗದ್ದಲಕ್ಕೇನೂ ಕೊರತೆ ಇರಲಿಲ್ಲ.

ಆ ವರ್ಷ ಯುಗಾದಿಗಿಂತ ಮುಂಚೆ ಅವರಿಗೆ ಕಾಮಣಿ ಹಿಡಿದು ಕಣ್ಣು ಹಳದಿಯಾಯಿತು. ಮೊದಲು ಗಿಡದ ಔಷಧ, ಆಮೇಲೆ ಸೊಲ್ಲಾಪುರದ ದವಾಖಾನೆ. ಹೋಗುವಾಗ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೋದವರನ್ನು ಬರುವಾಗ ಹಿಂದೆ ಮಲಗಿಸಿ ತಂದರು.

ಮನೆಯಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಅತ್ತೆ. ಅತ್ತೆ ಗುರಮ್ಮ ಕೊಹಿನೂರಿನ ಒಕ್ಕಲುತನದ ಮನೆಯಿಂದ ಬಂದವರು. ಮಾತು ಕಡಿಮೆ, ಕೆಲಸ ಜಾಸ್ತಿ. ಮಗ ಹೋದ ಮೇಲೆ ಇದ್ದ ಮಾತೂ ನಿಂತಿತು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತಿತ್ತು, ಅದಕ್ಕೆ.

ಮಿರಗ ಕೂಡಿತು. ಗೋಡೆ ಬೆವರಿತು. ಒಂದು ಮಧ್ಯಾಹ್ನ ನಾನು ಪೆಟ್ಟಿಗೆ ತೆರೆದು ಒಂದು ಕ್ಯಾಸೆಟ್ಟು ಎತ್ತಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬಿಳಿಯ ಚುಕ್ಕೆ.

ಆದರೆ ಹಚ್ಚುವುದು ಹೇಗೆ? ಸಾವಾದ ಮನೆಯಲ್ಲಿ ವರ್ಷ ಕಳೆಯುವ ತನಕ ರೇಡಿಯೋ ಕೂಡ ಹಚ್ಚಬಾರದು, ಅದು ಓಣಿಯ ಪದ್ಧತಿ. ಅಕ್ಕಪಕ್ಕದವರೂ ನಮ್ಮ ಮೇಲಿನ ಮರ್ಯಾದೆಗೆ ತಮ್ಮ ಟೇಪಿನ ಸದ್ದು ಸಣ್ಣದು ಮಾಡಿಕೊಂಡಿದ್ದರು. ಎದುರು ಮನೆಯ ಕಾಶಿಬಾಯಿ ಮಾತಿಗೆ ಮಾತು ಬಂದಾಗ ಒಮ್ಮೆ ಹೇಳಿಯೂ ಇದ್ದಳು: “ನಮ್ಮೋರಿಗಿ ಸೂತಕ ಇಲ್ಲ ಖರೆ ನಂದಾ, ಶರಣರು ಹೇಳ್ಯಾರ. ಆದ್ರ ಮಂದಿ ಬಾಯಿ ಅದ ನೋಡು, ಅದಕ್ಕ ಯಾವ ಶರಣರು ಬುದ್ಧಿ ಹೇಳ್ಬೇಕು?” ಕಾಶಿಬಾಯಿ ಮಂದಿಯ ಬಾಯಿಯ ಬಗ್ಗೆ ಹೀಗೆ ಮಾತಾಡುವುದು ಕೇಳಿ ನನಗೆ ಒಳಗೊಳಗೇ ನಗು. ಓಣಿಯ ಮಂದಿಯ ಬಾಯಿ ಅಂದರೆ ಮುಕ್ಕಾಲು ಪಾಲು ಆಕೆಯದೇ.

ನನ್ನ ಕೈಯಲ್ಲಿ ಅವರದು ಅಂತ ಉಳಿದದ್ದು ಆ ಪೆಟ್ಟಿಗೆಗಳು. ಅಂಗಡಿ ಬಾಡಿಗೆಯದು, ದಸರೆಗೆ ಬಿಟ್ಟುಕೊಡಬೇಕಿತ್ತು. ಮೋಟರ್ ಸೈಕಲ್ ಆಗಲೇ ಮಾರಿದ್ದಾಗಿತ್ತು. ಅಂಗಿಗಳನ್ನು ಮಣ್ಣು ಮಾಡಿದ ದಿನವೇ ಹಂಚಿದ್ದರು. ವರ್ಷ ಕಳೆಯುವ ತನಕ ಕಾದರೆ ಬೂಷ್ಟು ಇವನ್ನೂ ತಿಂದು ಮುಗಿಸುತ್ತದೆ. ಕಾಯುವಂತಿಲ್ಲ, ಹಚ್ಚುವಂತಿಲ್ಲ.

ಅವರ ವಾಕ್‌ಮನ್ ಒಂದಿತ್ತು. ಶ್ರಾವಣಕ್ಕೆ ಮುಂಚಿನಿಂದಲೇ ಅತ್ತೆ ಇಳಿಹೊತ್ತಿಗೆ ಪುರಾಣ ಕೇಳಲು ಗುಡಿಗೆ ಹೋಗುತ್ತಿದ್ದರು. ಅವರು ಹೊಸಿಲು ದಾಟಿದ ಕೂಡಲೇ ನಾನು ಒಳಕೋಣೆಯ ಬಾಗಿಲು ಮುಂದೆ ಮಾಡಿ, ಕಿವಿಗೆ ಹೆಡ್‌ಫೋನ್ ಇಟ್ಟು, ಮೇಲೆ ಸೆರಗು ಹೊದ್ದು, ಕೆಲಸ ಶುರು ಮಾಡುತ್ತಿದ್ದೆ. ಕೆಲಸ ಅಂತಲೇ ಅಂದುಕೊಂಡಿದ್ದೆ. ಹಾಡು ಕೇಳುತ್ತಿಲ್ಲ, ರೀಲು ಓಡಿಸುತ್ತಿದ್ದೇನೆ. ಹಾಗಂದುಕೊಂಡರೆ ತಪ್ಪು ಮಾಡಿದ ಹಾಗಾಗುವುದಿಲ್ಲವಲ್ಲ.

ಮೊದಲ ದಿನ ‘ರೈಲಿನ್ಯಾಗ ಕುಂತಂಗ’ ಹಾಕಿದೆ. ಮನೆಯ ದೊಡ್ಡ ಟೇಪಿನಲ್ಲಿ ಎಷ್ಟೋ ಸಲ ಕೇಳಿದ್ದ ಹಾಡೇ. ಆದರೆ ಹೆಡ್‌ಫೋನಿನಲ್ಲಿ ಒಂದು ಗಿಟಾರು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಇಷ್ಟು ದಿನ ಒಂದೇ ಅಂದುಕೊಂಡದ್ದು ಎರಡು! ಒಂದು ಕೇಳುತ್ತದೆ, ಒಂದು ಉತ್ತರ ಕೊಡುತ್ತದೆ. “ರೀ, ಇವು ಎರಡು ಅದಾವರಿ” ಅಂತ ಹೇಳಲು ತಿರುಗಿದೆ. ಗೋಡೆ ಇತ್ತು. ಅವರು ಒರಗುತ್ತಿದ್ದ ಕಡೆ ಸುಣ್ಣದ ಮೇಲೆ ಎಣ್ಣೆ ತಲೆಯ ಕಲೆ ಇತ್ತು.

ಜನ ಸತ್ತಾಗಿನ ದುಃಖವನ್ನು ಎಲ್ಲರೂ ಕಂಡಿರುತ್ತಾರೆ, ಬಂದು ಕೂಡುತ್ತಾರೆ, ಸಮಾಧಾನ ಹೇಳುತ್ತಾರೆ. ಆದರೆ ಒಂದು ಸಣ್ಣ ಸಂಗತಿ ಗೊತ್ತಾಗಿ, ಅದನ್ನು ಹೇಳಬೇಕಾದ ಮನುಷ್ಯ ಊರಲ್ಲಿ ಒಬ್ಬನೇ ಇದ್ದು, ಅವನೇ ಇಲ್ಲದಿದ್ದರೆ? ಅದಕ್ಕೆ ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ನಾನು ಆ ಸಂಜೆ ಮಣ್ಣಿನ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಕ್ಯಾಸೆಟ್ಟು ಮಾತ್ರ ಕೊನೆಯ ತನಕ ಓಡಿತು.

ಹೀಗೆ ದಿನಕ್ಕೊಂದು. ‘ಗುಡುಗು’ ಹಾಕಿದ ದಿನ ಹೊರಗೂ ಗುಡುಗಿತು, ಯಾವುದು ಯಾವುದು ಅಂತ ತಿಳಿಯದೆ ಒಮ್ಮೆ ಹೆಡ್‌ಫೋನ್ ತೆಗೆದು ನೋಡಿದೆ. ‘ಅಳೋ ಮನುಷ್ಯಾ’ನನ್ನು ಮೊದಲು ನಾನು ಚೇಷ್ಟೆ ಮಾಡುತ್ತಿದ್ದೆ, ಇವನ ಹೆಂಡತಿ ರೊಟ್ಟಿಗೆ ಉಪ್ಪು ಹಾಕಿಲ್ಲ ಅಂತ ಅಳುತ್ತಾನೆ ಅಂತ. ಈಗ ಚೇಷ್ಟೆ ಬರಲಿಲ್ಲ. ಅವನ ಮಾತು ಒಂದೂ ತಿಳಿಯದೆ ಅವನ ದುಃಖ ಪೂರ್ತಿ ತಿಳಿಯಿತು. ಬುಲಾಯಿ ಪದದ ಕ್ಯಾಸೆಟ್ಟಿನಲ್ಲಿ ಹೆಂಗಸರು ಚಪ್ಪಾಳೆ ಹಾಕಿ ಸುತ್ತುತ್ತಾ ಹಾಡುವಾಗ ನಡುವೆ ಒಬ್ಬಳು ಕೆಮ್ಮುತ್ತಾಳೆ, ಯಾರದೋ ಕೂಸು ಅಳುತ್ತದೆ. ಅಷ್ಟು ಮಂದಿಯ ಸದ್ದು ಕಿವಿಯೊಳಗೆ, ಹೊರಗೆ ನಾನೊಬ್ಬಳೇ. ಆ ಕ್ಯಾಸೆಟ್ಟು ಮುಗಿಸಿ ಹೆಡ್‌ಫೋನ್ ತೆಗೆದಾಗ ಮನೆ ಎಷ್ಟು ಸುಮ್ಮನಿತ್ತೆಂದರೆ ನನಗೆ ಹೆದರಿಕೆಯಾಯಿತು.

ಅತ್ತೆ ಬರುವಷ್ಟರಲ್ಲಿ ಎಲ್ಲ ಎತ್ತಿಟ್ಟು ಒಲೆ ಮುಂದೆ ಕೂತಿರುತ್ತಿದ್ದೆ. ಅವರೇನೂ ಕೇಳುತ್ತಿರಲಿಲ್ಲ.

ಆಷಾಢದಲ್ಲಿ ಒಂದು ದಿನ ಅಂಗಡಿಯ ಸಾಮಾನು ನೋಡಲು ಹುಮನಾಬಾದಿಗೆ ಹೋದೆ. ಶಟರ್ ಎತ್ತಿ ಇನ್ನೂ ಕಸ ಗುಡಿಸಿಲ್ಲ, ಎದುರಿಗೆ ಲಾರಿಯೊಂದು ನಿಂತಿತು. ಯೂಸುಫ್ ಭಾಯಿ ಇಳಿದ. ನಮ್ಮವರಿಗೆ ಎಲ್ಲರಿಗಿಂತ ಹೆಚ್ಚು ಕ್ಯಾಸೆಟ್ಟು ತಂದುಕೊಟ್ಟ ಡ್ರೈವರು ಅವನೇ. ಗುಜರಾತಿನ ಕಡೆ ಲೋಡು ಸಿಕ್ಕು ತಿಂಗಳುಗಟ್ಟಲೆ ಈ ದಾರಿಗೆ ಬಂದಿರಲಿಲ್ಲ.

“ಸಲಾಂ ಭಾಬಿ! ಇವತ್ತು ನೀವೇ ಸೇಠಾ?” ನಗುತ್ತಾ ಬಂದ. “ಚನ್ನು ಭಾಯ್ ಎಲ್ಲಿ ಹೋಗ್ಯಾರ? ಕರೀರಿ, ಇಂಥಾದ್ದು ತಂದೀನಿ ಇವತ್ತು, ಕೇಳಿದ್ರ ಅಂಗಡಿ ಬಂದ್ ಮಾಡಿ ಕೂಡ್ತಾರ.”

ನಾನು ಕಸಬರಿಗೆ ಹಿಡಿದು ನಿಂತೇ ಇದ್ದೆ. ನನ್ನ ಹಣೆ ನೋಡಿದ, ಗೋಡೆಯ ಮೇಲೆ ಹಾರ ಹಾಕಿದ ಫೋಟೋ ನೋಡಿದ. ಕೈಯಲ್ಲಿದ್ದ ಕ್ಯಾಸೆಟ್ಟನ್ನು ಬೆನ್ನ ಹಿಂದೆ ಒಯ್ದ, ತಪ್ಪು ವಸ್ತು ತಂದವನ ಹಾಗೆ. ಆಮೇಲೆ ಮೆಟ್ಟಿಲ ಮೇಲೆ ಕೂತ.

“ಯಾವಾಗ ಭಾಬಿ?”

“ಯುಗಾದಿಗಿಂತ ಮೊದ್ಲು. ಕಾಮಣಿ ಆಗಿತ್ತು.”

“ಯಾ ಅಲ್ಲಾ. ನನಗ ಯಾರೂ ಹೇಳಿಲ್ಲ. ಇದು ಸೂರತ್ತಿನ್ಯಾಗ ತಗೊಂಡೀನಿ. ದಾರಿ ಉದ್ದಕ್ಕೂ ಅವ್ರ ಮಾರಿ ನೆನಸ್ಕೋತ ಬಂದೀನಿ, ಹ್ಯಾಂಗ ಖುಷಿ ಆಗ್ತಾರ ಅಂತ.” ಹೋಗುವಾಗ ಕ್ಯಾಸೆಟ್ಟನ್ನು ಕೌಂಟರಿನ ಮೇಲಿಟ್ಟು, “ಇದು ಅವ್ರದೇ ಭಾಬಿ. ನಾನು ಹ್ಯಾಂಗ ವಾಪಸ್ ಒಯ್ಲಿ?” ಅಂದ.

ಪ್ಲಾಸ್ಟಿಕ್ ಕೂಡ ಬಿಚ್ಚದ ಹೊಸ ಕ್ಯಾಸೆಟ್ಟು. ಅದನ್ನು ಪೆಟ್ಟಿಗೆಯಲ್ಲಿ ಉಳಿದವುಗಳ ಜೊತೆ ಇಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಹೆಸರು ಇಡುವವರೇ ಇರಲಿಲ್ಲ. ನನ್ನ ಬಟ್ಟೆಯ ಚೀಲದಲ್ಲಿ ಹಾಕಿಕೊಂಡೆ.

ನಾಗರ ಪಂಚಮಿ ಬಂತು. ಬೇಮಳಖೇಡದಿಂದ ಅಣ್ಣ ಕರೆಯಲು ಬಂದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ಹೇಗೆ, ಅದರಲ್ಲೂ ಇಂಥ ವರ್ಷ. ಅರ್ಧದಷ್ಟು ಪೆಟ್ಟಿಗೆ ಇನ್ನೂ ಓಡಿಸುವುದಿತ್ತು. “ಹೋಗಿ ಬಾ,” ಅಂದರು ಅತ್ತೆ. “ಮನಿ ನಾ ನೋಡ್ಕೋತೀನಿ.” ಅಣ್ಣನ ಮನೆಯಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಂಡರು. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅನ್ನುವುದು ನನಗೆ ಗೊತ್ತಾಗುವ ಹಾಗೆ ನೋಡಿಕೊಂಡರು. ಗೆಳತಿಯರು ಜೋಕಾಲಿಯ ಹತ್ತಿರ ನಗುತ್ತಿದ್ದವರು ನಾನು ಬಂದರೆ ನಗು ನಿಲ್ಲಿಸುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ ಒಂದೇ ಸಮ ಹಿಡಿದಿತ್ತು. ನನಗೆ ಪೆಟ್ಟಿಗೆಗಳದೇ ಚಿಂತೆ. ತಡೆಯಲಾರದೆ ಅಣ್ಣ ಇನ್ನೂ ಇರು ಅಂದರೂ ಕೇಳದೆ ಹೊರಟುಬಂದೆ.

ಮನೆಗೆ ಬಂದು ಕಾಲು ತೊಳೆದವಳೇ ಒಳಕೋಣೆಗೆ ಹೋದೆ. ಪೆಟ್ಟಿಗೆಗಳು ಇದ್ದವು. ಬರಿದು. ಮೇಲಿನ ಮಾಳಿಗೆ ಸೋರಿದ ಗುರುತು ಗೋಡೆಯ ಮೇಲೆ ಇಳಿದಿತ್ತು. ಒಂದು ಕ್ಯಾಸೆಟ್ಟೂ ಇಲ್ಲ.

ನನಗೆ ತಲೆ ಕೆಟ್ಟುಹೋಯಿತು. ಕಾಶಿಬಾಯಿ ಏನೋ ಅಂದಿದ್ದಾಳೆ, ಅತ್ತೆ ಯಾರಿಗೋ ಕೊಟ್ಟುಬಿಟ್ಟಿದ್ದಾರೆ, ಇಲ್ಲಾ ಮೋರಿಗೆ ಹಾಕಿದ್ದಾರೆ! ಹಿತ್ತಲಿಗೆ ಓಡಿದೆ. ಅತ್ತೆ ಹೆಸರುಕಾಳು ಕೇರುತ್ತಾ ಕೂತಿದ್ದರು. ಮದುವೆಯಾಗಿ ಬಂದ ಮೇಲೆ ಅವರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

“ಎಲ್ಲಿ ಹಾಕೀರಿ ಅವ್ನ? ಯಾರಿಗಿ ಕೊಟ್ಟೀರಿ? ನಂಗ ಉಳ್ದದ್ದು ಅವಷ್ಟೇ ಅತ್ತಿ! ಅವನ್ನೂ ನೋಡ್ಲಿಕ್ಕಾಗಲಿಲ್ಲೇನು ನಿಮಗ?”

ಅತ್ತೆ ಮೊರ ಕೆಳಗಿಟ್ಟರು. ಸಿಟ್ಟು ಬರಲಿಲ್ಲ ಅವರಿಗೆ.

“ಯಾರಿಗಿ ಕೊಡ್ತೀನೇ ಹುಚ್ಚಿ? ಮಾಳಗಿ ಸೋರಿ ಪೆಟಗಿ ಮ್ಯಾಲ ನೀರು ಬಿತ್ತು. ತಗದು ನೋಡಿದ್ರ ಬೆಳ್ಳಗ ಬೂಷ್ಟು. ನೀ ಊರಾಗಿಲ್ಲ. ದಿನಾ ಕಿವ್ಯಾಗ ಇಟ್ಕೊಂಡು ಜೋಪಾನ ಮಾಡಾಕತ್ತಿದ್ದಿ, ನಾಕು ದಿನ ತವರಿಗಿ ಹೋದ್ರ ನಾ ಕೆಡಸಿಟ್ಟೆ ಅಂತ ಆಗಬಾರ್ದಲ್ಲ?”

“ನಿಮಗ ಗೊತ್ತಿತ್ತೇನು?”

“ಗುಡಿಂದ ಬಂದ್ರ ನಿನ್ನ ಕಿವಿ ಕೆಂಪಗ ಇರ್ತಿದ್ವು. ನನಗೇನ್ ಕಣ್ಣಿಲ್ಲೇನು? ಆ ಕಾಶಿಬಾಯಿಗೂ ಅಂದೀನಿ, ನಿನ್ನ ಮನಿ ಕಿಟಕಿ ನಿನ್ನ ಅಂಗಳಕ್ಕ ತಿರಗಿಸ್ಕೋ ಅಂತ.”

ಎದ್ದು ನನ್ನನ್ನು ಅಡುಗೆಮನೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ತೊಗರಿ ಬೀಜ ಇಡುವ ದೊಡ್ಡ ತಗಡಿನ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮೇಲ್ಪದರ ಬೇವಿನ ಸೊಪ್ಪು. ಅದರ ಕೆಳಗೆ ಜರಡಿ ಹಿಡಿದ ಒಲೆಯ ಬೂದಿ. ಕೈ ಹಾಕಿ ಅದರೊಳಗಿಂದ ಒಂದು ಕ್ಯಾಸೆಟ್ಟು ಎತ್ತಿದರು.

“ಇಲ್ಲಿ ಮಳಿ ಬಿಟ್ಟ ಎರಡ್ ದಿನ ಮಾಳಗಿ ಮ್ಯಾಲ ಬಿಸಲಿಗಿ ಒಣಗ್ಸೀನಿ. ಆ ಪ್ಲಾಸ್ಟಿಕ್ ಡಬ್ಬಿ ತಗದು ಒಂದೊಂದಕ್ಕೂ ಔಡಲೆಣ್ಣಿ ಕೈ ಸವರೀನಿ. ಬೂದಿ ಒಂದು ಪದರ, ಇವು ಒಂದು ಪದರ. ತಿನ್ನೋ ಕಾಳಿಗಿ ಯಾರೂ ಹಿಂಗ ಮಾಡಂಗಿಲ್ಲ ನಂದಾ, ಬಿತ್ತೋ ಬೀಜಕ್ಕ ಮಾಡ್ತಾರ. ಇನ್ನ ಹುಳ ಬರಂಗಿಲ್ಲ, ಬೂಷ್ಟು ಬರಂಗಿಲ್ಲ. ವರ್ಷ ಅಲ್ಲ, ಎರಡ್ ವರ್ಷ ಇಡು.”

ಅವರ ಅಂಗೈ ಮೇಲಿದ್ದದ್ದು ‘ಗುಡುಗು.’ ಬಿಸಿಲಿಗೆ ಒಂದು ಮೂಲೆ ಸೊಟ್ಟಗಾಗಿತ್ತು. ಎರಡೂ ತೂತಿನ ತುಂಬ ಬೂದಿ. ಕಿಟಕಿಯಂಥ ಆ ಸಣ್ಣ ಜಾಗದಲ್ಲಿ ರೀಲಿನ ಮೇಲೆ ಎಣ್ಣೆ ಇಳಿದು ಬೂದಿ ಮೆತ್ತಿಕೊಂಡಿತ್ತು. ಒಂದು ಕೂದಲು ಎಳೆ ಬಿದ್ದರೆ ಊದಿ ತೆಗೆಯುತ್ತಿದ್ದ ಮನುಷ್ಯನ ಕ್ಯಾಸೆಟ್ಟು.

ನಾನು ಅತ್ತೆಯ ಮುಖ ನೋಡಿದೆ. ಆ ಮಳೆಗಾಲದಲ್ಲಿ ಅದೇ ಮೊದಲ ಸಲ ಇರಬೇಕು ಸರಿಯಾಗಿ ನೋಡಿದ್ದು. ಹುಬ್ಬಿನ ಮೇಲೆ, ಮೂಗಿನ ಮೇಲೆ, ಬೈತಲೆಯಲ್ಲಿ ಬೂದಿ ಉಳಿದಿತ್ತು. ವಯಸ್ಸಾದ ಹೆಂಗಸು ಆ ಏಣಿ ಹತ್ತಿ ಮಾಳಿಗೆ ಮೇಲೆ ಹೋಗಿ, ಒಂದೊಂದನ್ನೂ ಹರವಿ, ಮೋಡ ಬಂದರೆ ಓಡಿ ಎತ್ತಿ, ಮತ್ತೆ ಹರವಿದ್ದರು. ಮಗ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದೂ ಆವತ್ತೇ.

“ಒಳ್ಳೇದ್ ಮಾಡೀರಿ ಅತ್ತಿ,” ಅಂದೆ. ಬೇರೆ ಏನನ್ನಲಿ?

ಅಲ್ಲಿಂದ ಮಘಾ ಮಳೆ ಪೂರ್ತಿ ನನ್ನ ಕೆಲಸ ಅದೇ ಆಯಿತು. ಅತ್ತೆ ಪುರಾಣಕ್ಕೆ ಹೋದ ಮೇಲೆ ಡಬ್ಬಿಯಿಂದ ನಾಲ್ಕು ತೆಗೆಯುವುದು, ಸ್ಕ್ರೂ ಬಿಚ್ಚುವುದು, ಹತ್ತಿಗೆ ಸ್ಪಿರಿಟ್ ಹಚ್ಚಿ ರೀಲು ಒರೆಸುವುದು. ಒರೆಸಿದರೆ ಎಣ್ಣೆಯ ಜೊತೆ ರೀಲಿನ ಕಂದು ಬಣ್ಣವೂ ಹತ್ತಿಗೆ ಬರುತ್ತಿತ್ತು. ಆ ಕಂದು ಬಣ್ಣವೇ ಹಾಡು ಅಂತ ಅವರು ನನಗೆ ಹೇಳಿಕೊಟ್ಟಿದ್ದರು. ಕೆಲವು ತಿರುಗಲೇ ಇಲ್ಲ. ಕೆಲವು ತಿರುಗಿ ಹರಿದವು. ಉಳಿದವು ಗರಗರ ಅನ್ನುತ್ತಾ ಒಮ್ಮೆ ಮುಳುಗಿ ಒಮ್ಮೆ ಏಳುತ್ತಾ ಓಡಿದವು. ನಾನು ಮೊದಲೇ ಓಡಿಸಿ ಕಾಪಾಡಿದ್ದವೂ ಅವುಗಳಲ್ಲೇ ಹೋದವು. ಸ್ವಚ್ಛ ಉಳಿದದ್ದು ನನ್ನ ಬಟ್ಟೆಯ ಚೀಲದಲ್ಲಿದ್ದದ್ದು ಒಂದೇ, ಯೂಸುಫ್ ತಂದದ್ದು, ಅವರು ಒಮ್ಮೆಯೂ ಕೇಳದ್ದು. ಸಿಟ್ಟು ಮಾಡಿಕೊಳ್ಳೋಣ ಅಂದರೆ ಯಾರ ಮೇಲೆ ಮಾಡಿಕೊಳ್ಳಲಿ? ಎರಡನೇ ಸಲ ಅವರನ್ನು ಕಳೆದುಕೊಂಡ ಹಾಗಾಗಿತ್ತು, ಈ ಸಲ ಮಾತಾಡಿಸಲು ಬರುವವರೂ ಇರಲಿಲ್ಲ.

ಮಘಾ ಮುಗಿದು ಹುಬ್ಬಿ ಮಳೆ ಹಿಡಿದ ಒಂದು ಸಂಜೆ ಪುರಾಣ ಇರಲಿಲ್ಲ. ಅತ್ತೆ ಒಳಕೋಣೆಗೆ ಬಂದು ನನ್ನ ಎದುರು ಕೂತರು.

“ಗುಡಿಂದ ಬಂದಾಗೆಲ್ಲ ಬಾಗಿಲ ಸಂದ್ಯಾಗ ನೋಡಾಕತ್ತೀನಿ. ಮಾರಿ ಸಣ್ಣದ್ ಮಾಡ್ಕೊಂಡು ಒರಸ್ತಿ, ಹಚ್ಚಿ ತಗೀತಿ. ಖರೆ ಹೇಳು. ಕೆಟ್ಟಾವೇನು?”

ಕಂದು ಬಣ್ಣ ಹತ್ತಿದ ಹತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

“ಹಚ್ಚು, ನಾನೂ ಕೇಳ್ತೀನಿ. ಆ ಕಿವ್ಯಾಗಿಂದ ಅಲ್ಲ, ದೊಡ್ಡದ್ರಾಗ ಹಚ್ಚು.”

“ಅತ್ತಿ, ವರ್ಷ ಆಗಿಲ್ಲ. ಓಣ್ಯಾಗ ಕೇಳಸ್ತದ.”

“ಕೇಳಸ್ಲಿ. ಅವನ ತಾಯಿ ನಾನು. ನನಗಿಂತ ಹೆಚ್ಚು ಯಾರಿಗಿ ಅದ ದುಃಖ? ಹಚ್ಚು ಅಂದೀನಿ.”

ಕೈಗೆ ಸಿಕ್ಕಿದ ಒಂದನ್ನು, ‘ರೈಲಿನ್ಯಾಗ ಕುಂತಂಗ’, ದೊಡ್ಡ ಟೇಪಿಗೆ ಹಾಕಿದೆ. ಗುಂಡಿ ಒತ್ತಿದೆ. ಈಗ ಅವರಿಗೆ ಗೊತ್ತಾಗುತ್ತದೆ, ಮಗನ ವಸ್ತುಗಳನ್ನು ತಮ್ಮ ಕೈಯಾರೆ ಏನು ಮಾಡಿಟ್ಟೆ ಅಂತ ಗೊತ್ತಾಗುತ್ತದೆ. ಸತ್ತ ಮಗನನ್ನು ಹೊತ್ತವರು, ಇದನ್ನು ಹೊರಲಾರರು ಅನಿಸಿತು.

ಸದ್ದು ಬಂತು. ಸದ್ದೆನ್ನಬೇಕೋ ಏನೆನ್ನಬೇಕೋ. ಗಿರಣಿಯಲ್ಲಿ ಕಲ್ಲು ಸಿಕ್ಕ ಹಾಗೆ ಗರಗರ, ಅದರ ನಡುವೆ ಡ್ರಮ್ಮು, ಡ್ರಮ್ಮು ಮುಳುಗಿ ಯಾರೋ ಬಾವಿಯೊಳಗಿಂದ ಕೂಗಿದ ಹಾಗೆ ಒಂದು ದನಿ, ಮತ್ತೆ ಗರಗರ. ಎರಡು ಗಿಟಾರಿನಲ್ಲಿ ಒಂದಂತೂ ಪೂರ್ತಿ ಹೋಗಿಬಿಟ್ಟಿತ್ತು, ಕೇಳುವುದು ಕೇಳುತ್ತಲೇ ಇತ್ತು, ಉತ್ತರ ಕೊಡುವುದು ಇರಲಿಲ್ಲ. ಎದುರು ಮನೆಯ ಕಿಟಕಿ ತೆರೆದ ಸಪ್ಪಳವಾಯಿತು.

ಅತ್ತೆ ತಲೆ ಬಗ್ಗಿಸಿ, ಎರಡೂ ಕೈ ಉಡಿಯಲ್ಲಿಟ್ಟುಕೊಂಡು, ಪುರಾಣ ಕೇಳುವ ಹಾಗೆಯೇ ಕೇಳಿದರು. ನಡುವೆ ಏಳಲಿಲ್ಲ. ಒಂದು ಕಡೆ ಪೂರ್ತಿ ಮುಗಿದು ಗುಂಡಿ ಟಪ್ಪೆಂದು ಮೇಲೆ ಬಂತು. ಆಮೇಲೆ ತಲೆ ಎತ್ತಿದರು. ಮುಖದಲ್ಲಿ ಯುಗಾದಿಯ ನಂತರ ನಾನು ಕಾಣದೇ ಇದ್ದ ನೆಮ್ಮದಿ ಇತ್ತು.

“ಏನೂ ಆಗಿಲ್ಲ ಬಿಡೇ!” ಅಂದರು. “ಸುಮ್ನ ಹೆದರ್ಸಿದ್ದಿ. ಅವ ಇದ್ದಾಗ ಹಿಂಗೇ ಇದ್ವಲ್ಲ ಇವು?”

ನಗು ಬಂತು. ಅಳುವೂ ಬಂತು, ಯಾವುದು ಮೊದಲು ಅಂತ ಹೇಳಲಾರೆ. ಅದು ಹಾಗಿರಲಿಲ್ಲ ಅಂತ ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರು. ಅವರಲ್ಲಿ ಒಬ್ಬರನ್ನು ಮಣ್ಣು ಮಾಡಿ ಬಂದಿದ್ದೆವು.

“ಹೌದ್ರಿ ಅತ್ತಿ,” ಅಂದೆ. “ಹಿಂಗೇ ಇದ್ವು.”

“ಹಂಗಾದ್ರ ಇನ್ನೊಂದು ಕಡಿ ಹಚ್ಚು,” ಅಂದರು ಅತ್ತೆ, ಗೋಡೆಗೆ ಒರಗಿ ಕೂತುಕೊಳ್ಳುತ್ತಾ.